ಹನ್ನೊಂದು ಮಂದಿಯ ಮನೆತನ

ಅಂದು ಸಂಜೆ ಪುಣೆಯಲ್ಲಿ ಕಾಕಾರ ಮನೆಯ ಹೊರಗಿನ ಕೋಣೆಯಲ್ಲಿ ನಾವು ಎಂದಿನ ಜನವೇ ಇದ್ದೆವು. ಕಾಕಾ ತಮ್ಮ ಬೆತ್ತದ ಕುರ್ಚಿಯಲ್ಲಿ. ಅವರ ಎದುರಿಗೆ ದಿವಾನದ ಮೇಲೆ ಮಾಸ್ತರರು. ಬೆಳಗಾವಿಯ ಒಂದು ಶಾಲೆಯಲ್ಲಿ ಆಟ ಕಲಿಸುತ್ತ ಆಯುಷ್ಯ ಕಳೆದು, ಈಗ ಹಿಂಜವಾಡಿಯಲ್ಲಿ ಮಗನ ಜೊತೆ ಇರುವವರು. ಸ್ವಾರಗೇಟದಲ್ಲಿ ಬಸ್ಸು ಬದಲಿಸಿ ಬರುವಷ್ಟರಲ್ಲಿ ಪುಣೆಯ ಎಲ್ಲ ಚೌಕಗಳನ್ನೂ ಬೈದು ಮುಗಿಸಿ, ಬಂದು ಕೂತ ಮೇಲೆ ಉಳಿದದ್ದನ್ನು ಬೈಯುವವರು. ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಗುತ್ತೇದಾರ ಕೂತಿದ್ದ. ಯಾದಗಿರಿ ಕಡೆಯವನು, ಕೊಂಢವಾದಲ್ಲಿ ಮನೆ ಕಟ್ಟುವ ಕೆಲಸ ಹಿಡಿಯುತ್ತಾನೆ. ಒಂದು ಮಳೆಗಾಲ ಮೇಲಿನ ಮಹಡಿಯ ಈ ಮನೆಯ ಸೋರುವ ಮಾಳಿಗೆ ರಿಪೇರಿಗೆ ಬಂದವನು ಕನ್ನಡ ಕಿವಿಗೆ ಬಿದ್ದದ್ದೇ ಚಹಾಕ್ಕೆ ಕೂತ, ಆಮೇಲೆ ಎದ್ದುಹೋಗಲೇ ಇಲ್ಲ. ಅಡಿಗೆ ಮನೆಯಲ್ಲಿ ಕಾಕಾರ ತಂಗಿ. ಗಂಡ ತೀರಿದ ಮೇಲೆ ಅಣ್ಣನ ಮನೆ ನೋಡಿಕೊಂಡಿದ್ದವರು. ನಮಗೆಲ್ಲ ಅವರು ಅತ್ತಿ.

ಇನ್ನು ನಾನು. ಎದುರಿನ ಮನೆಯವಳು, ಈ ಮನೆಯ ಮಗಳ ಜೊತೆ ಆಡಿ ಬೆಳೆದವಳು. ಶಾಲೆ ಕಲಿತದ್ದೆಲ್ಲ ಮರಾಠಿಯಲ್ಲಿ. ನನ್ನ ಕನ್ನಡ ಈ ಕೋಣೆಯ ಕನ್ನಡ. ಅದರಲ್ಲಿ ಅರ್ಧ ಅತ್ತಿಯ ಗಾದೆಗಳು, ಇನ್ನರ್ಧ ಕಾಕಾ ಮತ್ತು ಮಾಸ್ತರರು ಫುಟ್‌ಬಾಲ್ ನೋಡುತ್ತ ಆಡಿದ ಮಾತುಗಳು. ಟಿವಿ ಹಚ್ಚುವುದು, ಫೋನಿನಲ್ಲಿ ಹುಡುಕಿ ಕೊಡುವುದು ನನ್ನ ಕೆಲಸವಾಗಿತ್ತು.

ಇಂಗ್ಲೆಂಡಿನ ಒಂದು ತಂಡ ನಮ್ಮದು. ಕೆಂಪು ಅಂಗಿಯವರು. ನಮ್ಮದು ಹೇಗಾಯಿತೆಂದು ಯಾರೂ ಕೇಳಿದವರಿಲ್ಲ. ಬೆಳಗಾವಿಯಲ್ಲಿ ಕಾಕಾ ಮತ್ತು ಮಾಸ್ತರರು ಆಡುತ್ತಿದ್ದ ಹುಡುಗರ ತಂಡದ ಅಂಗಿಯೂ ಕೆಂಪಿತ್ತು ಅನ್ನುವುದೊಂದೇ ಕಾರಣ. ಪಂದ್ಯದ ಹಿಂದಿನ ದಿನ ಸಂಜೆ ಎಲ್ಲರೂ ಕೂಡಿ ಎದುರಾಳಿಯ ‘ವಿಚಾರಣೆ’ ಮಾಡುವುದು ರೂಢಿ. ಹಾಗೆಂದರೆ ಹೆಣ್ಣು ಕೊಡುವ ಮುಂಚೆ ಗಂಡಿನ ಕಡೆಯವರ ಬಗ್ಗೆ ಹೇಗೆ ನಾಲ್ಕು ಕಡೆ ಕೇಳಿಸುತ್ತಾರೋ ಹಾಗೆಯೇ. ತಂಡದ ಹಳೆಯ ಚರಿತ್ರೆಗೆ ಮಾಸ್ತರರು ‘ಮನೆತನ’ ಅನ್ನುತ್ತಿದ್ದರು. ಫೌಲ್ ಎಷ್ಟು ಮಾಡುತ್ತಾರೆ ಅನ್ನುವುದು ‘ಸ್ವಭಾವ’. ಸೋತ ದಿನ ಹೇಗೆ ನಡೆದು ಹೋಗುತ್ತಾರೆ ಅನ್ನುವುದು ‘ಸಂಸ್ಕಾರ’. ಅತ್ತಿ ಅವಲಕ್ಕಿ ಒಗ್ಗರಣೆ ಹಾಕಿ ತಂದಿಡುತ್ತ, “ನೀವು ನಾಲ್ಕು ಮಂದಿ ಕೂತು ಹನ್ನೊಂದು ಮಂದಿಗೆ ಹೆಣ್ಣು ಕೊಡಾಕ ಹತ್ತೀರಿ, ಲಗ್ನದ ಖರ್ಚು ಯಾರು ಕೊಡ್ತೀರೋ!” ಅನ್ನುತ್ತಿದ್ದರು.

ಅಂದು ಮಾತ್ರ ಅತ್ತಿ ಏನೂ ಅನ್ನಲಿಲ್ಲ. ಅವಲಕ್ಕಿಯ ತಾಟುಗಳನ್ನು ಇಟ್ಟು ಒಳಗೆ ಹೋದರು.

ನಮ್ಮ ಕೆಂಪು ಅಂಗಿಯವರಿಗೆ ಆ ಸಲ ಗಂಟುಬಿದ್ದಿದ್ದು ಯಾರೂ ಕೇಳಿರದ ಒಂದು ತಂಡ. ಯುರೋಪಿನ ಹಿಮದ ಬೆಟ್ಟಗಳ ಮಗ್ಗುಲಲ್ಲಿ ಒಂದು ಪುಟ್ಟ ದೇಶ, ಆ ದೇಶದಲ್ಲಿ ಒಂದು ಪುಟ್ಟ ಊರು, ಆ ಊರಿನ ತಂಡ. ಲೋಕಕ್ಕೆ ಅದು ಅಪರಿಚಿತ ಊರಾಗಿರಬಹುದು. ಈ ಕೋಣೆಯಲ್ಲಿ ಎಲ್ಲರಿಗೂ ಅದರ ಹೆಸರು ಗೊತ್ತಿತ್ತು, ಯಾರ ಬಾಯಿಗೂ ಬರುತ್ತಿರಲಿಲ್ಲ. ಕಾಕಾರ ಒಬ್ಬಳೇ ಮಗಳು ಅಲ್ಲಿದ್ದಳು. ಆರೇಳು ವರ್ಷದಿಂದ ತಂದೆ ಮಗಳ ನಡುವೆ ಒಂದು ಮಾತಿರಲಿಲ್ಲ.

ಅದು ಹೀಗಾಗಿತ್ತು. ತಾಯಿ ಇಲ್ಲದ ಹುಡುಗಿ, ಕಾಕಾ ಅಂಗೈಯಲ್ಲಿಟ್ಟು ಬೆಳೆಸಿದವಳು. ಪುಣೆಯಲ್ಲೇ ಜರ್ಮನ್ ಕಲಿತು, ಚಾಕಣದ ಒಂದು ಕಾರ್ಖಾನೆಯಲ್ಲಿ ಹೊರದೇಶದ ತಂತ್ರಜ್ಞರಿಗೂ ಇಲ್ಲಿಯ ಕೆಲಸಗಾರರಿಗೂ ನಡುವೆ ಮಾತು ದಾಟಿಸುವ ಕೆಲಸಕ್ಕೆ ಸೇರಿದ್ದಳು. ಅಲ್ಲಿ ಯಂತ್ರ ಕೂಡ್ರಿಸಲು ಬಂದವನು ಆ ಹುಡುಗ. ಆರು ತಿಂಗಳು ಇದ್ದ. ಒಂದು ಭಾನುವಾರ ಅವನನ್ನು ಮನೆಗೆ ಕರೆದುಕೊಂಡು ಬಂದಳು. ನಾನೂ ಮಾಸ್ತರರೂ ಅಂದು ಅಲ್ಲಿದ್ದೆವು. ಬಾಗಿಲ ಹೊರಗೇ ಬೂಟು ಬಿಚ್ಚಿ, ತೂತು ಬಿದ್ದ ಕಾಲುಚೀಲ ಕಾಣಬಾರದೆಂದು ಒಂದು ಕಾಲಿನ ಮೇಲೆ ಇನ್ನೊಂದನ್ನಿಟ್ಟುಕೊಂಡು, ದಿವಾನದ ತುದಿಗೆ ಕೂತಿದ್ದ.

ನಮ್ಮಲ್ಲಿ ಗಂಡು ಮನೆಗೆ ಬಂದರೆ ಪ್ರಶ್ನೆಗಳೇ ಮರ್ಯಾದೆ. ಯಾವೂರು, ತಂದೆ ಏನು ಮಾಡುತ್ತಾರೆ, ಅಣ್ಣತಮ್ಮಂದಿರು ಎಷ್ಟು, ಊಟಕ್ಕೆ ಏನು ಸೇರುತ್ತದೆ. ಉತ್ತರ ಮೊದಲೇ ಗೊತ್ತಿದ್ದರೂ ಕೇಳಬೇಕು. ಕೇಳಿದರೆ ಬಾಗಿಲು ತೆರೆದಿದೆ ಅಂತ ಅರ್ಥ. ಚಹಾ ಕೊಟ್ಟು, ಅವಲಕ್ಕಿ ಕೊಟ್ಟು, ಒಂದು ಮಾತೂ ಕೇಳದೆ ಕಳಿಸಿದರೆ ಆ ಸಂಬಂಧ ಅಲ್ಲಿಗೆ ಮುಗಿಯಿತು. ಬಾಯಿಬಿಟ್ಟು ‘ಒಲ್ಲೆ’ ಅನ್ನುವುದು ಅಸಭ್ಯ, ಅದಕ್ಕೇ ನಮ್ಮ ಹಿರಿಯರು ಹುಡುಕಿಕೊಂಡ ದಾರಿ ಇದು. ಅಂದು ಕಾಕಾ ಅವನಿಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಮಾಸ್ತರರು ಬಾಯಿ ತೆರೆಯಹೋದರೆ ಕಣ್ಣಿನಲ್ಲೇ ಸುಮ್ಮನಾಗಿಸಿದರು. ಹುಡುಗ ಎರಡು ಕಪ್ ಚಹಾ ಕುಡಿದ, ಗೋಡೆಯ ಮೇಲಿನ ಹಳೆಯ ಫುಟ್‌ಬಾಲ್ ಫೋಟೋ ನೋಡಿ ನಕ್ಕ, ಎಲ್ಲರಿಗೂ ಕೈಮುಗಿದು ಹೋದ. ಹುಡುಗಿಯ ಮುಖ ಮಾತ್ರ ಸುಣ್ಣದಂತಾಗಿತ್ತು. ಅವಳಿಗೆ ಎಲ್ಲ ತಿಳಿದಿತ್ತು.

ಅವಳು ಹೊರಟು ನಿಂತ ದಿನ ಕಾಕಾ ಹೇಳಿದ್ದು ಒಂದೇ ಮಾತು: “ಅವನ ಕೂಡ ಲಗ್ನ ಆದ್ರ, ಈ ಮನಿಗೆ ಫೋನ್ ಹಚ್ಚಬ್ಯಾಡ.”

ಅವಳು ಅವರ ಮಗಳೇ. ಹಚ್ಚಲಿಲ್ಲ. ಕಾಕಾ ಬಾಯಿಬಿಟ್ಟು ಏನೂ ಹೇಳಿದವರಲ್ಲ. ಆದರೆ ಪಕ್ಕದ ಮನೆಯ ಫೋನು ಬಡಿದುಕೊಂಡರೂ ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈಗ ಆ ಊರಿನ ತಂಡವೇ ಎದುರು ಬಂದಿತ್ತು. ಸುದ್ದಿ ಬಂದ ದಿನದಿಂದ ಕಾಕಾರಲ್ಲಿ ಏನೋ ಒಂದು ಚುರುಕು. ದಿನಾ ಗಡ್ಡ ಮಾಡಿಕೊಳ್ಳುತ್ತಿದ್ದರು. “ಈ ತಂಡದ ಬಗ್ಗೆ ಪೂರಾ ವಿಚಾರಿಸಬೇಕು ನೋಡು, ಯವ್ವಾ. ಗೊತ್ತಿಲ್ಲದ ಮಂದಿ, ಹಗರ ತಿಳೀಬಾರದು,” ಎಂದು ನನಗೆ ಮೂರು ಸಲ ಹೇಳಿದರು. ಅವರಿಗೆ ಬೇಕಾದದ್ದೇನು ಅನ್ನುವುದು ನಮಗೆಲ್ಲ ಗೊತ್ತಿತ್ತು. ಮಗಳ ಧ್ವನಿ ಬೇಕಾಗಿತ್ತು. ಅದನ್ನು ಬೇಡುವುದು ಹೇಗೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಅಂದು ವಿಚಾರಣೆ ಮೊದಲಾಯಿತು. ನಾನು ಫೋನಿನಲ್ಲಿ ಆ ತಂಡದ ಫೋಟೋ ತೆಗೆದು ಕೊಟ್ಟೆ. ಮೈದಾನದ ಒಂದು ಕಡೆ ಗೋಲಿನ ಹಿಂದೆಯೇ ಹಸಿರು ಗುಡ್ಡ, ಅದರ ಮೇಲೆ ದನ.

“ಆಟ ನೋಡಾಕ ದನಾನೂ ಬಂದಾವ ನೋಡ್ರಿ,” ಎಂದರು ಮಾಸ್ತರರು. “ಟಿಕೆಟ್ ತಗಿಸ್ಯಾರೋ ಇಲ್ಲೋ!”

ಗುತ್ತೇದಾರ ಫೋನು ಕಣ್ಣಿಗೆ ಹತ್ತಿರ ಹಿಡಿದುಕೊಂಡ. “ಮೂರು ಕಡಿ ಬೋಳು ಬಿಟ್ಟು ಒಂದs ಕಡಿ ಮೆಟ್ಲಾ ಕಟ್ಯಾರ್ರಿ. ಆದ್ರ ಕೆಲಸ ಛಂದ್ ಅದ. ನೀರು ನಿಂದರದಂಗ ಇಳಿಜಾರು ಕೊಟ್ಟಾರ. ಹಿಂತಾ ಮಂದಿ ಗಟ್ಟಿ ಇರ್ತಾರ ನೋಡ್ರಿ.”

“ನೀ ಆಟ ನೋಡಂದ್ರ ಮಾಳಿಗಿ ನೋಡ್ತೀಯಲ್ಲೋ!”

“ಮಾಳಿಗಿ ನೋಡಿದ್ರ ಮನಿ ತಿಳೀತದ್ರಿ, ಮಾಸ್ತರ.”

ಮಾಸ್ತರರು ನಾಯಕನ ಫೋಟೋ ನೋಡಿದರು. ಸಪ್ಪೆ ಮುಖದ ಉದ್ದನೆಯ ಮನುಷ್ಯ. “ಇವನ ನೋಡ್ರಿ. ಮಾವನ ಮನ್ಯಾಗ ಉಪ್ಪಿಟ್ಟು ತಣ್ಣಗಾದ್ರೂ ಸುಮ್ಮನ ತಿನ್ನೋ ಅಳಿಯನ ಹಂಗ ನಿಂತಾನ…”

ಮಾತು ಬಾಯಿಂದ ಜಾರಿಬಿಟ್ಟಿತ್ತು. ಅಳಿಯ ಅನ್ನುವ ಶಬ್ದ ಆ ಮನೆಯಲ್ಲಿ ವರ್ಷಗಟ್ಟಲೆ ಯಾರೂ ಆಡಿರಲಿಲ್ಲ. ಮಾಸ್ತರರು ಅವಲಕ್ಕಿಯ ತಾಟಿನಲ್ಲಿ ಶೇಂಗಾ ಹುಡುಕತೊಡಗಿದರು. ಒಳಗೆ ಲಟ್ಟಣಿಗೆಯ ಸಪ್ಪಳ ನಿಂತಿತು.

ಗುತ್ತೇದಾರನೇ ಬಾಯಿ ಬಿಟ್ಟ. “ಕಾಕಾರ, ತಪ್ಪು ತಿಳೀಬ್ಯಾಡ್ರಿ. ಫೋಟೋ ನೋಡಿ ಎಷ್ಟಂತ ವಿಚಾರಣೆ ಮಾಡ್ತೀರಿ? ಊರಾಗ ನಮ್ಮ ಮಂದಿ ಇದ್ರ ಅವರನ್ನs ಕೇಳಬೇಕ್ರಿ. ತಂಗ್ಯಮ್ಮ ಅಲ್ಲೇ ಅದಾರಲ್ರಿ?”

ಕಾಕಾ ಅವನನ್ನು ಬೈಯುತ್ತಾರೆಂದು ನಾನು ಕಾದೆ. ಅವರು ಧೋತರದ ಅಂಚು ಸರಿಮಾಡಿಕೊಂಡರು. ಮತ್ತೊಮ್ಮೆ ಸರಿಮಾಡಿಕೊಂಡರು. ಆಮೇಲೆ ನನ್ನ ಕಡೆ ನೋಡದೆ, “ನಿನ್ನ ಕಡಿ ನಂಬರ್ ಅದ ಏನು?” ಎಂದರು.

ಇತ್ತು. ದೀಪಾವಳಿಗೆ ನಾನೊಂದು ಶುಭಾಶಯ ಕಳಿಸಿದರೆ ಅವಳಿಂದ ಎರಡು ಶಬ್ದ ಬರುತ್ತಿದ್ದವು. ಹೋದ ದೀಪಾವಳಿಗೆ ಅದೂ ಬಂದಿರಲಿಲ್ಲ. ನಾನು ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮಾಡಿ, ಟೀಪಾಯಿಯ ಮೇಲೆ ಅವಲಕ್ಕಿಯ ತಾಟುಗಳ ನಡುವೆ ಇಟ್ಟೆ. ಅಲ್ಲಿ ಮಧ್ಯಾಹ್ನದ ಹೊತ್ತು. ಅತ್ತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು.

ಅವಳು ಎತ್ತಿದಳು. ಅಲ್ಲಿಯ ಭಾಷೆಯಲ್ಲಿ ಏನೋ ಅಂದಳು.

“ನಾನs, ಎದುರು ಮನಿಯಾಕಿ,” ಎಂದೆ.

ಉಸಿರು ಕೇಳಿಸಿತು. ಆಮೇಲೆ, “ಅಪ್ಪಗ ಏನಾತು?”

“ಏನೂ ಆಗಿಲ್ಲ. ಆರಾಮ ಇದ್ದಾರ, ಇಲ್ಲೇ ಕೂತಾರ. ಏನಂದ್ರ… ನಾಳಿ ಮ್ಯಾಚ್ ಅದಲ್ಲ. ನಿಮ್ಮೂರಿನ ತಂಡದ ಬಗ್ಗೆ ಸ್ವಲ್ಪ ವಿಚಾರಿಸಬೇಕಾಗಿತ್ತು.”

“ಯಾರು ವಿಚಾರಸ್ತಾರ?”

ಕಾಕಾ ಕುರ್ಚಿಯಿಂದ ಮುಂದಕ್ಕೆ ಬಾಗಿ ಫೋನಿನ ಹತ್ತಿರ ಬಾಯಿ ಒಯ್ದರು. “ನಾನs.”

ಕರೆ ತುಂಡಾಯಿತೇನೋ ಎಂದು ನಾನು ಕೈ ಚಾಚಿದೆ. ಆಗ ಅವಳ ಧ್ವನಿ ಬಂತು, ಸಣ್ಣವಳಿದ್ದಾಗಿನ ಧ್ವನಿ: “ಕೇಳ್ರಿ, ಅಪ್ಪಾ.”

ಹೇಗಿದ್ದೀ ಅನ್ನಲಿಲ್ಲ ಕಾಕಾ. “ಅವರ ಗೋಲ್‌ಕೀಪರ್ ಹೆಂಗ?” ಎಂದರು.

“ಎತ್ತರ ಇದ್ದಾನ. ಮ್ಯಾಲಿನ ಬಾಲ್ ಬಿಡಂಗಿಲ್ಲ. ಕೆಳಗ ಎಡಗಡಿ ಬಂದ್ರ ಬಗ್ಗೂದು ತಡ.”

“ಯಾವೂರವ?”

“ಇದs ಊರು. ಅವರಪ್ಪಂದು ಬೇಕರಿ ಅದ. ನಾ ಅಲ್ಲೇ ಬ್ರೆಡ್ ತಗೋತೀನಿ.”

“ಬೇಕರಿಯವರ ಹುಡುಗ!” ಮಾಸ್ತರರು ತೊಡೆ ತಟ್ಟಿದರು. “ನಸುಕಿನ್ಯಾಗ ಏಳೋ ರೂಢಿ ಇರ್ತದ. ಮನೆತನ ಛಲೋ.”

“ಮಾಸ್ತರ ಕಾಕಾ ಅಲ್ಲೇನು? ಇನ್ನೂ ಬೈಯಾಕ ಹತ್ತಾರೇನು ಬಸ್ಸಿಗೆ?” ಎಂದಳು ಅವಳು. ಮಾಸ್ತರರು ಮುಖ ಕಿಟಕಿಯ ಕಡೆ ತಿರುಗಿಸಿಕೊಂಡರು.

ಕಾಕಾ ಬಿಡಲಿಲ್ಲ, ಒಬ್ಬೊಬ್ಬರನ್ನೇ ಕೇಳುತ್ತ ಹೋದರು. ಹಿಂದೆ ನಿಲ್ಲುವ ಇಬ್ಬರು ಸ್ವಂತ ಅಣ್ಣತಮ್ಮಂದಿರು ಎಂದಳು.

“ಹಂಗಿದ್ರ ನಾವು ಗೆದ್ದಂಗ ಬಿಡ್ರಿ,” ಎಂದ ಗುತ್ತೇದಾರ. “ಹೊಲ ಪಾಲಾದ ಮ್ಯಾಲ ಅಣ್ಣತಮ್ಮರು ಮಾತಾಡಂಗಿಲ್ಲ. ಬಾಲ್ ನಿಂದು ನಂದು ಅನ್ನೂದ್ರಾಗ ಗೋಲ್ ಆಕ್ಕದ.”

ಅವಳು ನಕ್ಕಳು. ಆ ನಗು ಕೋಣೆಯಲ್ಲಿ ಹರಡಿದಾಗ ಕಾಕಾರ ಮುಖ ಹೇಗಾಯಿತೆಂದು ಬರೆಯಲು ನನಗೆ ಬರುವುದಿಲ್ಲ. ಅತ್ತಿ ಸೆರಗನ್ನು ಬಾಯಿಗೆ ಹಿಡಿದಿದ್ದರು. ಎಡಗಡೆ ಓಡುವ ಹುಡುಗ ಯಾರ ಮಗ, ಮುಂದೆ ನಿಲ್ಲುವವನಿಗೆ ಮದುವೆಯಾಗಿದೆಯೋ, ಸೋತರೆ ಜಗಳ ಕಾಯುವ ಮಂದಿಯೋ ಹೇಗೆ, ಕಾಕಾ ಕೇಳುತ್ತಲೇ ಹೋದರು. ಅವಳಿಗೆ ಎಲ್ಲ ಗೊತ್ತಿತ್ತು. ಪ್ರತಿ ಶನಿವಾರ ಮೈದಾನಕ್ಕೆ ಹೋಗಿ ನಿಂತು ನೋಡಿದವಳಂತೆ ಹೇಳುತ್ತಿದ್ದಳು. ಕಾಕಾ ವರ್ಷಗಳ ಹಿಂದೆ ದಿವಾನದ ತುದಿಗೆ ಕೂತಿದ್ದ ಒಬ್ಬನಿಗೆ ಕೇಳಬೇಕಾಗಿದ್ದುದನ್ನೆಲ್ಲ ಹನ್ನೊಂದು ಮಂದಿಯ ಬಗ್ಗೆ ಕೇಳುತ್ತಿದ್ದರು. ನನಗದು ತಿಳಿಯಿತು. ಫೋನಿನ ಆ ಕಡೆಯವಳಿಗೂ ತಿಳಿದಿರಲೇಬೇಕು.

ಕೊನೆಗೆ ಆಟಗಾರರು ಮುಗಿದರು. ಕಾಕಾ ಗಂಟಲು ಸರಿಮಾಡಿಕೊಂಡು, ಬಹುವಚನದಲ್ಲಿ, ಬೀಗರ ಮನೆಯಲ್ಲಿ ಮಾತಾಡುವ ಹಾಗೆ ಕೇಳಿದರು:

“ನಿಮ್ಮ ಮನಿಯವರು ಏನಂತಾರ, ಈ ತಂಡದ ಬಗ್ಗೆ?”

ಮಾಸ್ತರರು ತಟ್ಟನೆ ಕಾಕಾರನ್ನು ನೋಡಿದರು. ಅತ್ತಿಯ ಕಣ್ಣುಗಳು ಆಗಲೇ ತುಂಬಿದ್ದವು. ಇಷ್ಟು ವರ್ಷದ ಮೇಲೆ ಬಾಗಿಲು ತೆರೆದಿತ್ತು. ನಾನು ಮನಸ್ಸಿನಲ್ಲೇ ಅಂದುಕೊಂಡೆ, ಈಗ ಅವಳು ಅವನನ್ನು ಕೂಗುತ್ತಾಳೆ, ಅವನು ಬಂದು ಏನೋ ಒಂದು ಹರಕು ಕನ್ನಡ ಆಡುತ್ತಾನೆ, ನಾವೆಲ್ಲ ನಗುತ್ತೇವೆ.

“ಅವ ಇಲ್ಲ, ಅಪ್ಪಾ,” ಎಂದಳು.

“ಕೆಲಸಕ್ಕ ಹೋಗ್ಯಾರೇನು?”

“ಇಲ್ಲಪ್ಪಾ. ಅವ ಹೋದ. ಹ್ವಾದ ವರ್ಷ ಚಳಿಗಾಲದಾಗ. ಕೆಲಸದಿಂದ ಬರಬೇಕಾದ್ರ ರಸ್ತೆ ಮ್ಯಾಲ ಹಿಮ ಇತ್ತು. ಗಾಡಿ ಜಾರಿತು.”

ಕೆಳಗೆ ಯಾರೋ ಸ್ಕೂಟರಿನ ಹಾರ್ನ್ ಒತ್ತುತ್ತಿದ್ದರು. ಅತ್ತಿ ಬಾಗಿಲಲ್ಲೇ ಕುಸಿದು ಕೂತರು. “ಯವ್ವಾ, ನಮ್ಮವ್ವಾ, ಒಂದು ಮಾತು ಯಾಕ ತಿಳಸಲಿಲ್ಲ?”

“ಫೋನ್ ಹಚ್ಚಬ್ಯಾಡ ಅಂದಿದ್ರಲ್ಲ, ಅತ್ತಿ,” ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಮಳೆ ಬಂದಿತ್ತು, ಅದಕ್ಕೇ ಬಟ್ಟೆ ಒಣಗಲಿಲ್ಲ ಅನ್ನುವ ಹಾಗೆ ಹೇಳಿದಳು.

ಕಾಕಾ ಎರಡೂ ಕೈ ಮೊಣಕಾಲ ಮೇಲಿಟ್ಟು ಕೂತಿದ್ದರು.

“ಅಪ್ಪಾ, ಒಂದು ಹೇಳಲೇನು?” ಅವಳೇ ಮುಂದುವರಿಸಿದಳು. “ಅವತ್ತು ನಮ್ಮನಿಗೆ ಬಂದು ಹೋದನಲ್ಲ. ಲಿಫ್ಟಿನ್ಯಾಗ ನಾ ಅಳಾಕ ಹತ್ತಿದ್ದೆ, ಅವಗ ತಿಳೀಲೇ ಇಲ್ಲ. ‘ನಿಮ್ಮ ತಂದಿ ಎಷ್ಟು ದೊಡ್ಡ ಮನುಷ್ಯ! ಊರಿಲ್ಲ, ಕೇರಿಲ್ಲ, ನಾ ಯಾರಂತ ಒಂದು ಪ್ರಶ್ನಿ ಕೇಳಲಿಲ್ಲ. ಹಂಗs ಕೂಡಿಸಿ ಚಹಾ ಕೊಟ್ರು. ನಮ್ಮ ಕಡಿ ಹಿಂಗ ನಂಬೋ ಮಂದಿ ಇಲ್ಲ’ ಅಂದ. ನಾ ಖರೇ ಏನಂತ ಅವಗ ಎಂದೂ ಹೇಳಲಿಲ್ಲಪ್ಪಾ. ಕಡೀತನಕ ಎಲ್ಲರ ಮುಂದ ಹಂಗs ಹೇಳಿಕೋತ ಇದ್ದ.”

ಗುತ್ತೇದಾರ ತಲೆ ಬಗ್ಗಿಸಿ ನೆಲದ ಫರಸಿಯನ್ನು ನೋಡುತ್ತಿದ್ದ. ಕಾಕಾ ಏನಾದರೂ ಅನ್ನಲಿ, ಅಳಲಿ, ಎದ್ದು ಒಳಗೆ ಹೋಗಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಅವರು ಮತ್ತೆ ಮುಂದೆ ಬಾಗಿದರು.

“ಅವರದು ಯಾವೂರು?”

ಅವಳಿಗೆ ಮೊದಲು ತಿಳಿಯಲಿಲ್ಲ. “ಯಾರದು?”

“ನಿಮ್ಮ ಮನಿಯವರದು.”

ಆ ಕಡೆಯಿಂದ ಬಿಕ್ಕಿದ ಸದ್ದು ಬಂತು. ನಂತರ, “ಇದs ಊರಲ್ಲಪ್ಪಾ. ಗುಡ್ಡದ ಆಚಿಕಡಿ. ಸಣ್ಣ ಹಳ್ಳಿ.”

“ತಂದಿಯವರು ಏನು ಮಾಡ್ತಾರ?”

“ರೈಲ್ವೆದಾಗ ಇದ್ರು. ಈಗ ಜೇನು ಸಾಕ್ಯಾರ.”

“ತಾಯಿ?”

“ಇದ್ದಾರ. ಹೊಲಿಗಿ ಮಾಡ್ತಾರ. ನನ್ನ ಭಾಳ ಹಚ್ಚಿಕೊಂಡಾರ.”

“ಅಣ್ಣತಮ್ಮಂದಿರು?”

“ಯಾರಿಲ್ಲ. ಒಬ್ಬಾಕಿ ತಂಗಿ.”

“ಊಟಕ್ಕ ಏನು ಸೇರ್ತಿತ್ತು ಅವರಿಗೆ?”

“ಝುಣಕ, ಅಪ್ಪಾ. ನಾ ಮಾಡಿದ್ದು. ಖಾರಕ್ಕ ಕಣ್ಣಾಗ ನೀರು ಬರ್ತಿತ್ತು, ಆದ್ರೂ ಬಿಡ್ತಿರಲಿಲ್ಲ.”

ಕಾಕಾ ಒಂದೊಂದು ಉತ್ತರಕ್ಕೂ ತಲೆಯಾಡಿಸುತ್ತಿದ್ದರು. ಎಷ್ಟು ಓದಿದ್ದ, ಕೆಲಸ ಖಾಯಂ ಇತ್ತೋ, ಕುಡಿತದ ಚಟವಿತ್ತೋ. ಒಂದನ್ನೂ ಬಿಡಲಿಲ್ಲ, ಒಂದನ್ನೂ ಅವಸರ ಮಾಡಲಿಲ್ಲ. ಕಡೆಗೆ, ನಮ್ಮಲ್ಲಿ ಹುಡುಗಿಗೆ ಎಂದೂ ಕೇಳದ, ಮೂರನೆಯವರ ಹತ್ತಿರ ಗುಟ್ಟಾಗಿ ಕೇಳಿ ತಿಳಿಯುವ ಪ್ರಶ್ನೆಯನ್ನು ಅವಳನ್ನೇ ಕೇಳಿದರು:

“ಸ್ವಭಾವ ಹೆಂಗಿತ್ತು?”

“ಭಾಳ ಛಲೋ ಇದ್ದ, ಅಪ್ಪಾ,” ಎಂದಳು.

ಕಾಕಾ ಎದ್ದರು. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದರು. ಸ್ವಲ್ಪ ಹೊತ್ತಿಗೆ ತಂಬಿಗೆಯಿಂದ ತಲೆಯ ಮೇಲೆ ನೀರು ಹಾಕಿಕೊಳ್ಳುವ ಸಪ್ಪಳ ಬಂತು. ಸಾವಿನ ಸುದ್ದಿ ಎಷ್ಟು ತಡವಾಗಿ ಬಂದರೂ, ಸತ್ತವರು ನಮ್ಮವರಾಗಿದ್ದರೆ ತಲೆಗೆ ನೀರು ಹಾಕಿಕೊಳ್ಳಬೇಕು. ಹೊರಗಿನವರಾದರೆ ಬೇಕಿಲ್ಲ. ಅತ್ತಿ ಆ ಸಪ್ಪಳ ಕೇಳಿ ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, “ಕೇಳಸ್ತದೇನ, ಯವ್ವಾ? ನಿಮ್ಮಪ್ಪ ಜಳಕ ಮಾಡಾಕ ಹತ್ಯಾನ,” ಎಂದರು. ಆಮೇಲೆ ಅವರೂ ಎದ್ದು ಹೋದರು. ಫೋನು ನನ್ನ ಕೈಯಲ್ಲಿತ್ತು. ನಾವಿಬ್ಬರೂ ಗೆಳತಿಯರು ಆ ನೀರಿನ ಸಪ್ಪಳ ಕೇಳುತ್ತಿದ್ದೆವು.

ಮರುದಿನದ ಪಂದ್ಯವನ್ನು ನಮ್ಮಲ್ಲಿ ಯಾರೂ ನೋಡಲಿಲ್ಲ. ನಮ್ಮವರು ಸುಲಭವಾಗಿ ಗೆದ್ದರೆಂದು ಗುತ್ತೇದಾರ ಯಾರಿಂದಲೋ ಕೇಳಿ ಬಂದು, ಹೇಳಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತು, ಹೇಳದೆ ಹೋದ.

ಚಳಿಗಾಲ ಮುಗಿದ ಮೇಲೆ ಕಾಕಾ ಆ ಊರಿಗೆ ಹೋದರು. ಮೊದಲ ಸಲ ವೀಸಾ ಕೊಡಲಿಲ್ಲ, ಎರಡನೆಯ ಸಲ ಕೊಟ್ಟರು. ಹುಡುಗನ ತಂದೆ ತಾಯಿ ಇಬ್ಬರೂ ನಿಲ್ದಾಣಕ್ಕೆ ಬಂದಿದ್ದರಂತೆ. ಮನೆಗೆ ಹೋಗುವ ಮುಂಚೆ ಅವನನ್ನು ನೋಡಬೇಕು ಎಂದರಂತೆ ಕಾಕಾ. ಗುಡ್ಡದ ಆಚೆಯ ಆ ಹಳ್ಳಿಗೆ ಕರೆದುಕೊಂಡು ಹೋದರು. ಸಮಾಧಿಯ ಹತ್ತಿರ ಏನು ಮಾಡಬೇಕೆಂದು ಕಾಕಾರಿಗೆ ಗೊತ್ತಿರಲಿಲ್ಲ. ಹುಡುಗನ ತಾಯಿ ಒಂದು ಮೇಣದ ಬತ್ತಿ ಹಚ್ಚಿ ಕೈಗೆ ಕೊಟ್ಟರು. ಅದನ್ನು ಇಟ್ಟು, ಅಲ್ಲೇ ಹುಲ್ಲಿನ ಮೇಲೆ ಕೂತರು. ಮಳೆ ಹನಿಯತೊಡಗಿದಾಗ ಮಗಳು ಕೈಹಿಡಿದು ಎಬ್ಬಿಸಿದಳು.